ಕಡಾಯಿಗೆ ಸಾಕು, ದೀಪಕ್ಕೆ ಸಾಲದು

ಜಹೀರಾಬಾದಿನಿಂದ ಬೀದರಿನ ಕಡೆ ಹೊರಟರೆ, ಚಳಿಗಾಲದ ಬೆಳಗಿನಲ್ಲಿ ರಸ್ತೆಯಿಂದ ತುಸು ಒಳಗೆ ಕಬ್ಬಿನ ಹೊಲಗಳ ನಡುವೆ ಹೊಗೆ ಏಳುವುದು ಕಾಣುತ್ತದೆ. ಬೆಲ್ಲದ ಗಾಣಗಳು. ಹಿಂದಿನ ಸುಗ್ಗಿಯಲ್ಲಿ ಅಂಥದೊಂದು ಗಾಣದ ಮುಂದೆ ಎರಡು ತಾಸು ಕೂತಿದ್ದೆ. ನೆಲದಲ್ಲಿ ತೋಡಿದ ಒಲೆಯ ಬಾಯಿಗೆ ಒಬ್ಬ ಹುಡುಗ ಒಣಗಿದ ಕಬ್ಬಿನ ಸಿಪ್ಪೆಯನ್ನು ತಬ್ಬಿ ತಂದು ತಳ್ಳುತ್ತಿದ್ದ. ಮೇಲೆ ಕಡಾಯಿಯಲ್ಲಿ ಕಬ್ಬಿನ ಹಾಲು ಕುದಿದು ಕೆಂಪಾಗಿ, ಸಣ್ಣ ಗುಳ್ಳೆ ದೊಡ್ಡದಾಗುತ್ತ ಬರುತ್ತಿತ್ತು. ಹುಟ್ಟು ಹಿಡಿದು ನಿಂತಿದ್ದ ಹಿರಿಯರು ಆಗಾಗ ಒಂದು ತೊಟ್ಟು ಪಾಕವನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು ಬೆರಳಲ್ಲಿ ಹೊರಳಿಸಿ ನೋಡುತ್ತಿದ್ದರು. ಗೋಲಿಯಂತೆ ಉಂಡೆಗಟ್ಟಿದರೆ ಹದ ಬಂತು. ಥರ್ಮಾಮೀಟರ್ ಇಟ್ಟರೆ ಆ ಹೊತ್ತಿಗೆ ಪಾಕದ ಬಿಸಿ 118 ಡಿಗ್ರಿ ಸೆಲ್ಸಿಯಸ್ ಆಸುಪಾಸು ತೋರಿಸುತ್ತದೆ.

"ಕಾಕಾ, ಎಷ್ಟು ಉರಿ ಬೇಕಾಗ್ತದ?" ಅಂದೆ.

"ಎಷ್ಟು ಅನ್ನೂದಲ್ರಿ, ಒಂದೇ ನಮೂನಿ ಬೇಕು. ನಡುವ ಉರಿ ಸತ್ತರ ಪಾಕ ಕೆಡ್ತದ. ಆಮ್ಯಾಲ ಎಷ್ಟು ಹಾಕಿದ್ರೂ ಆ ಬಣ್ಣ ಬರಂಗಿಲ್ಲ."

ಈ ಮಾತನ್ನು ಬೈಜಿಕ ಸಮ್ಮಿಲನದ ಬಗ್ಗೆ ಬರೆಯುವಾಗೆಲ್ಲ ನೆನೆಯುತ್ತೇನೆ. ಸೂರ್ಯನ ಒಡಲಲ್ಲಿ ನಡೆಯುವ ಕ್ರಿಯೆಯನ್ನು ಭೂಮಿಯ ಮೇಲೆ ಮಾಡಿ ತೋರಿಸಿದರು ಎಂಬ ಸುದ್ದಿ ಬಂದಾಗಲೆಲ್ಲ ನಾವು ಪತ್ರಿಕೆಯವರು ಕೇಳುವುದು ಒಂದೇ ಪ್ರಶ್ನೆ: ಕರೆಂಟು ಯಾವಾಗ? ನಾನೂ ಹಾಗೇ ಕೇಳುತ್ತ ಬಂದವನು. ಈಗ ನನಗೆ ಅನಿಸುವುದೇನೆಂದರೆ, ಕರೆಂಟಿನ ಪ್ರಶ್ನೆಗಿಂತ ಮುಂಚೆ ಕಾವಿನ ಪ್ರಶ್ನೆ ಕೇಳಬೇಕು. ಈ ಯಂತ್ರಗಳು ದೀಪ ಹಚ್ಚುವ ಯೋಗ್ಯತೆ ಪಡೆಯುವ ಎಷ್ಟೋ ಮೊದಲೇ ಬಾಯ್ಲರಿನ ಕೆಲಸಕ್ಕೆ ಬರಬಹುದು. ಆ ನಡುವಿನ ಹಾದಿ ಎಷ್ಟು ಅಗಲ, ಅದರಲ್ಲಿ ಯಾರು ನಡೆಯಬಹುದು ಎಂಬುದನ್ನು ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಒಲೆಗಳನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕಿ ನೋಡೋಣ.

ಮೊದಲು ಕ್ರಿಯೆ. ಹೈಡ್ರೋಜನ್‌ಗೆ ಭಾರದ ಇಬ್ಬರು ಅಣ್ಣತಮ್ಮಂದಿರಿದ್ದಾರೆ, ಡ್ಯೂಟೀರಿಯಂ ಮತ್ತು ಟ್ರಿಷಿಯಂ. ಡ್ಯೂಟೀರಿಯಂ ನಾವು ಕುಡಿಯುವ ನೀರಿನಲ್ಲೇ ಇದೆ, ಸುಮಾರು 6,400 ಹೈಡ್ರೋಜನ್ ಪರಮಾಣುಗಳಿಗೆ ಒಂದರಂತೆ. ಅದನ್ನು ಹೆಕ್ಕಿ ತೆಗೆಯುವ ಭಾರಜಲದ ಕಾರ್ಖಾನೆ ತೆಲಂಗಾಣದ ಮಣುಗೂರಿನಲ್ಲೇ ಇದೆ. ಟ್ರಿಷಿಯಂ ಪ್ರಕೃತಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಲಿಥಿಯಂಗೆ ನ್ಯೂಟ್ರಾನ್ ಹೊಡೆಸಿ ಹುಟ್ಟಿಸಬೇಕು. ಇವೆರಡನ್ನೂ ಹದಿನೈದು ಕೋಟಿ ಡಿಗ್ರಿಗೆ ಕಾಯಿಸಿ, ಯಾವ ಪಾತ್ರೆಯ ಗೋಡೆಗೂ ತಾಗದಂತೆ ಕಾಂತಶಕ್ತಿಯ ಹಿಡಿತದಲ್ಲಿ ತೇಲಿಸಿ ಇಟ್ಟರೆ ಒಂದರೊಳಗೊಂದು ಬೆರೆಯುತ್ತವೆ. ಹುಟ್ಟುವ ಶಕ್ತಿಯ ಐದರಲ್ಲಿ ನಾಲ್ಕು ಪಾಲನ್ನು ನ್ಯೂಟ್ರಾನ್ ಹೊತ್ತುಕೊಂಡು ಹೊರಗೆ ಹಾರುತ್ತದೆ. ಅದಕ್ಕೆ ವಿದ್ಯುದಾವೇಶವಿಲ್ಲ, ಕಾಂತ ಅದನ್ನು ಹಿಡಿಯಲಾರದು. ಹೊರಗಿನ ದಪ್ಪ ಹೊದಿಕೆಯೊಳಕ್ಕೆ ನುಗ್ಗಿ, ಡಿಕ್ಕಿ ಹೊಡೆಯುತ್ತ ನಿಲ್ಲುತ್ತದೆ. ಆ ಹೊದಿಕೆ ಬಿಸಿಯಾಗುತ್ತದೆ. ಇಷ್ಟೇ. ಇಷ್ಟೆಲ್ಲ ಸಾಹಸದ ಕೊನೆಗೆ ಯಂತ್ರ ನಮ್ಮ ಕೈಗೆ ಕೊಡುವುದು ಕಾವು ಮಾತ್ರ.

ಬ್ರಿಟನ್ನಿನ ಜೆಟ್ ಎಂಬ ಯಂತ್ರ 2023ರ ಅಕ್ಟೋಬರಿನಲ್ಲಿ ಐದು ಸೆಕೆಂಡುಗಳ ಕಾಲ ನಡೆದು 69 ಮೆಗಾಜೌಲ್ ಸಮ್ಮಿಲನ ಶಕ್ತಿ ಕೊಟ್ಟಿತು. ಕಾಂತದ ಹಿಡಿತದ ಯಂತ್ರಗಳಲ್ಲಿ ಅದು ದಾಖಲೆ. ಗಾಣದ ಲೆಕ್ಕಕ್ಕೆ ತಂದರೆ ಎಷ್ಟಾಯಿತು? ಕಬ್ಬಿನ ಹಾಲಿನಿಂದ ಸುಮಾರು 27 ಲೀಟರ್ ನೀರನ್ನು ಕುದಿಸಿ ಆವಿಮಾಡುವಷ್ಟು. ಎರಡು ಕೊಡ. ಆ ಹುಡುಗ ಒಂದು ಸಲ ತಬ್ಬಿ ತರುವ ಸಿಪ್ಪೆಯಲ್ಲಿ ಅಷ್ಟು ಕಾವಿದೆ. ಆದರೆ ಜೆಟ್ ಅದಕ್ಕಾಗಿ ಸುಟ್ಟ ಇಂಧನ 0.2 ಮಿಲಿಗ್ರಾಂ, ಒಂದು ಸಾಸಿವೆ ಕಾಳಿಗಿಂತಲೂ ಹಗುರ. ಈ ಎರಡು ಅಳತೆಗಳನ್ನೂ ಒಟ್ಟಿಗೆ ಕಣ್ಣ ಮುಂದೆ ಇಟ್ಟುಕೊಳ್ಳಬೇಕು.

ಇನ್ನು ಕಾವಿನಿಂದ ಕರೆಂಟು ಮಾಡುವ ಮಾತು. ನಮ್ಮ ಕೈಗಾ ಸ್ಥಾವರವನ್ನೇ ನೋಡಿ. ಅಲ್ಲಿನದು ವಿದಳನ, ಪರಮಾಣುವನ್ನು ಒಡೆಯುವ ಕ್ರಿಯೆ. ಆದರೆ ಕಾವನ್ನು ಕರೆಂಟು ಮಾಡುವ ದಾರಿ ಎರಡಕ್ಕೂ ಒಂದೇ. ಕೈಗಾದ ಒಂದೊಂದು ರಿಯಾಕ್ಟರ್ ಸುಮಾರು 750 ಮೆಗಾವಾಟ್ ಕಾವು ಹುಟ್ಟಿಸಿ 220 ಮೆಗಾವಾಟ್ ಕರೆಂಟು ಕೊಡುತ್ತದೆ. ಉಳಿದ ಕಾವು ಕದ್ರಾ ಜಲಾಶಯದ ನೀರಿಗೆ ಹೋಗುತ್ತದೆ. ಇದು ಯಾರ ಅಸಡ್ಡೆಯೂ ಅಲ್ಲ. ಕಾವು ಪೂರ್ತಿಯಾಗಿ ಚಲನೆಯಾಗದು ಎಂಬುದು ಪ್ರಕೃತಿಯ ಕಟ್ಟಳೆ. ಹಬೆಯ ಬಿಸಿ 250-300 ಡಿಗ್ರಿಯ ಮಟ್ಟದಲ್ಲಿದ್ದರೆ ಮೂರರಲ್ಲಿ ಒಂದು ಪಾಲು ಕರೆಂಟಾದರೆ ಅದೇ ಹೆಚ್ಚು.

ಇಲ್ಲಿಂದ ನನ್ನ ಲೆಕ್ಕ ಶುರುವಾಗುತ್ತದೆ. ಒಂದು ಪ್ರಾಯೋಗಿಕ ಸಮ್ಮಿಲನ ಯಂತ್ರ ಗ್ರಿಡ್ಡಿನಿಂದ 100 ಮೆಗಾವಾಟ್ ಕರೆಂಟು ತೆಗೆದುಕೊಳ್ಳುತ್ತದೆ ಎಂದುಕೊಳ್ಳಿ. ಕಾಂತಗಳಿಗೆ, ಅವನ್ನು ತಣ್ಣಗಿಡುವುದಕ್ಕೆ, ಪ್ಲಾಸ್ಮಾ ಎಂಬ ಅತಿ ಬಿಸಿಯ ಇಂಧನದ ಅನಿಲವನ್ನು ಕಾಯಿಸುವುದಕ್ಕೆ, ಪಂಪುಗಳಿಗೆ ಎಲ್ಲ ಸೇರಿ. ಅದು ಸಮ್ಮಿಲನದಿಂದ 80 ಮೆಗಾವಾಟ್ ಕೊಡುತ್ತದೆ ಎನ್ನಿ. ಪತ್ರಿಕೆಯಲ್ಲಿ ಬರುವ ಶೀರ್ಷಿಕೆ "ಹಾಕಿದ್ದಕ್ಕಿಂತ ಬಂದದ್ದು ಕಡಿಮೆ". ಆದರೆ ಹಾಕಿದ ನೂರು ಎಲ್ಲಿಗೆ ಹೋಯಿತು? ಅದೂ ಕೊನೆಗೆ ಕಾವೇ ಆಯಿತು, ಬೇರೆ ಏನಾಗಲೂ ಸಾಧ್ಯವಿಲ್ಲ. ಅಂದರೆ ಯಂತ್ರದ ಆವರಣದೊಳಗೆ ಈಗ ಒಟ್ಟು 180 ಮೆಗಾವಾಟ್ ಕಾವಿದೆ. ಇದನ್ನು ಕರೆಂಟು ಮಾಡಿದರೆ ಮೂರರಲ್ಲಿ ಒಂದು ಪಾಲು, 60 ಸಿಕ್ಕೀತು. ನೂರು ಸಾಲ ತಂದು ಅರವತ್ತು ತೀರಿಸಿದ ಹಾಗೆ. ಅದೇ ಕಾವನ್ನು ಕಾವಾಗಿಯೇ ಒಂದು ಕಾರ್ಖಾನೆಗೆ ಕೊಟ್ಟರೆ? ನೂರು ಮೆಗಾವಾಟಿನ ಹೀಟರ್ ಇಟ್ಟು ನೀರು ಕಾಯಿಸಿದ್ದರೆ ಬರುತ್ತಿದ್ದದ್ದು ನೂರೇ. ಇಲ್ಲಿ ಅದಕ್ಕಿಂತ ಹೆಚ್ಚು. ತಣ್ಣನೆಯ ಕಾಂತಗಳ ಕಡೆಯ ಕಾವು ಕೈಗೆ ಸಿಗುವುದಿಲ್ಲ, ಸೋರಿಕೆಯೂ ಇದೆ. ಅದನ್ನೆಲ್ಲ ಕಳೆದರೂ ಮೇಲೊಂದಷ್ಟು ಉಳಿಯುತ್ತದೆ.

ಕರೆಂಟಿನ ಲೆಕ್ಕದಲ್ಲಿ ಯಂತ್ರ ಗೆಲ್ಲಬೇಕಾದರೆ ಒಟ್ಟು ಕಾವು ಹಾಕಿದ್ದರ ಮೂರು ಪಟ್ಟು ಆಗಬೇಕು. ಕಾವಿನ ಲೆಕ್ಕದಲ್ಲಿ ಒಂದು ಪಟ್ಟು ದಾಟಿದರೆ ಸಾಕು. ಒಂದರಿಂದ ಮೂರರವರೆಗಿನ ಈ ಹರವು ಸಣ್ಣದಲ್ಲ. ಇನ್ನು ನಿಜವಾದ ಯಂತ್ರಗಳನ್ನು ನೋಡಿ. ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ 2022ರ ಡಿಸೆಂಬರ್ 5ರಂದು 2.05 ಮೆಗಾಜೌಲ್ ಲೇಸರ್ ಬೆಳಕು ಹಾಯಿಸಿ 3.15 ಮೆಗಾಜೌಲ್ ಪಡೆದರು. ಆದರೆ ಆ ಲೇಸರನ್ನು ಹೊತ್ತಿಸಲು ಗೋಡೆಯ ಪ್ಲಗ್ಗಿನಿಂದ ಎಳೆದದ್ದು ಸುಮಾರು 300 ಮೆಗಾಜೌಲ್. ಫ್ರಾನ್ಸಿನ ಕಡರಾಶ್‌ನಲ್ಲಿ ಭಾರತವೂ ಪಾಲುದಾರನಾಗಿ ಕಟ್ಟುತ್ತಿರುವ ಇಟರ್ ಯಂತ್ರದ ಗುರಿ 50 ಮೆಗಾವಾಟಿನ ಕಾಯಿಸುವಿಕೆಗೆ 500 ಮೆಗಾವಾಟ್ ಸಮ್ಮಿಲನ. ಅದರ ಇಡೀ ಆವರಣದ ಕರೆಂಟಿನ ಬೇಡಿಕೆ ಮಾತ್ರ 110ರಿಂದ ಶುರುವಾಗಿ ಕೆಲವು ಸೆಕೆಂಡುಗಳ ಮಟ್ಟಿಗೆ 620 ಮೆಗಾವಾಟಿನವರೆಗೆ ಏರುತ್ತದೆ. ಹಬೆಗೆ ಲೆಕ್ಕ ಹಾಕಿದರೆ ಆ 500 ಮೆಗಾವಾಟ್ ಎಂದರೆ ತಾಸಿಗೆ ಸುಮಾರು 700 ಟನ್. ದಿನಕ್ಕೆ 5,000 ಟನ್ ಕಬ್ಬು ನುರಿಸುವ ಏಳೆಂಟು ಸಕ್ಕರೆ ಕಾರ್ಖಾನೆಗಳಿಗೆ ಸಾಕಾಗುವಷ್ಟು. ಇಟರ್‌ನಲ್ಲಿ ಟರ್ಬೈನೇ ಇಲ್ಲ. ಅದರ ಕಾವನ್ನೆಲ್ಲ ತಂಪುಗೋಪುರಗಳ ಮೂಲಕ ಗಾಳಿಗೆ ಬಿಡುತ್ತಾರೆ.

ಈ ಲೆಕ್ಕಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ, ಅವನ್ನು ಬದಿಗೆ ತಳ್ಳುವ ಹಾಗಿಲ್ಲ. ಒಂದು: ಆ ನೂರು ಮೆಗಾವಾಟ್ ಕರೆಂಟು ರಾಮಗುಂಡಂ ಕಡೆಯ ಕಲ್ಲಿದ್ದಲಿನದಾದರೆ, ಅದನ್ನು ಮಾಡಲು ಅಲ್ಲಿ ಮುನ್ನೂರರಷ್ಟು ಕಾವು ಸುಟ್ಟಿರುತ್ತಾರೆ. ಮುನ್ನೂರು ಸುಟ್ಟು ನೂರೆಂಬತ್ತು ಪಡೆಯುವುದಕ್ಕಿಂತ ಕಲ್ಲಿದ್ದಲನ್ನು ನೇರ ಬಾಯ್ಲರಿಗೆ ಹಾಕುವುದೇ ವಾಸಿ. ಹಾಗಾಗಿ ಬಿಸಿಲು, ಗಾಳಿ, ನೀರಿನ ಕರೆಂಟು ಧಾರಾಳವಾಗಿರುವಲ್ಲಿ ಮಾತ್ರ ಈ ಮಾತಿಗೆ ಅರ್ಥ. ಎರಡು: ಹೀಟ್ ಪಂಪ್. ಫ್ರಿಜ್ಜಿನ ಹಿಂಬದಿ ಬಿಸಿಯಾಗುವ ತತ್ವದಲ್ಲೇ ನಡೆಯುವ ಈ ಸಾಧನ ಒಂದು ಯೂನಿಟ್ ಕರೆಂಟಿಗೆ ಎರಡು ಮೂರು ಯೂನಿಟ್ ಕಾವು ಕೊಡಬಲ್ಲದು, ಅದೂ ಇವತ್ತೇ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಬಿಸಿ ಮೇಲೇರಿದಂತೆ ಅದರ ಬಲ ಕುಗ್ಗುತ್ತದೆ. ನೂರು ಡಿಗ್ರಿಯ ಆಸುಪಾಸಿನ ಕೆಲಸವನ್ನು ಅದಕ್ಕೇ ಬಿಟ್ಟುಕೊಡಬೇಕು. ಸಮ್ಮಿಲನದ ಕಾವು ಜಾಗ ಹುಡುಕಬೇಕಾದದ್ದು 150 ಡಿಗ್ರಿಯಿಂದ ಮೇಲೆ.

ಮೇಲೆ ಎಂದರೆ ಎಷ್ಟು ಮೇಲೆ? ಹೊದಿಕೆಯನ್ನು ಕಟ್ಟುವ ಉಕ್ಕು ಅದನ್ನು ತೀರ್ಮಾನಿಸುತ್ತದೆ. ನ್ಯೂಟ್ರಾನ್ ಏಟು ತಿಂದೂ ಹೆಚ್ಚು ವಿಕಿರಣಶೀಲವಾಗದ ವಿಶೇಷ ಉಕ್ಕು ಬೇಕು. ನಮ್ಮವರು ಅದನ್ನು ಮಾಡಿದ್ದಾರೆ: ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರ, ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಮತ್ತು ಹೈದರಾಬಾದಿನ ಮಿಶ್ರಲೋಹ ಕಾರ್ಖಾನೆ ಮಿಧಾನಿ ಸೇರಿ. ಈ ಜಾತಿಯ ಉಕ್ಕು 550 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳುತ್ತದೆ. ಅದನ್ನು ತಂಪಾಗಿಡುವುದು ನೀರಾದರೆ ಹೊರಬರುವ ಬಿಸಿ 325 ಡಿಗ್ರಿ, ಹೀಲಿಯಂ ಆದರೆ 500. ಇದು ನಮ್ಮ ಕೈಯಲ್ಲಿರುವ ಕಾವಿನ ಗಡಿ.

ಈ ಅಳತೆಗೋಲು ಹಿಡಿದು ತಾಂಡೂರಿಗೆ ಹೋಗೋಣ. ಅಲ್ಲಿ ನೆಲವೇ ಸುಣ್ಣದ ಕಲ್ಲು. ಪದರ ಪದರವಾಗಿ ಎದ್ದು ಬರುವ ನೀಲಿ, ಹಳದಿ ಫರ್ಸಿ ನಮ್ಮ ಕಡೆಯ ಎಷ್ಟು ಮನೆಗಳ ಅಂಗಳದಲ್ಲಿಲ್ಲ! ಅದೇ ಕಲ್ಲಿನ ಪಟ್ಟಿ ಸೇಡಂ, ಮಳಖೇಡ, ವಾಡಿ, ಶಹಾಬಾದಿನವರೆಗೆ ಹಬ್ಬಿದೆ, ಅದರ ಉದ್ದಕ್ಕೂ ಸಿಮೆಂಟ್ ಕಾರ್ಖಾನೆಗಳಿವೆ. ತಾಂಡೂರಿನ ಕರಣಕೋಟೆಯಲ್ಲಿರುವ ಸರ್ಕಾರಿ ಸಿಮೆಂಟ್ ನಿಗಮದ ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ 10 ಲಕ್ಷ ಟನ್. ಅಷ್ಟು ಕ್ಲಿಂಕರ್, ಅಂದರೆ ಪುಡಿಮಾಡಿ ಸಿಮೆಂಟ್ ಮಾಡುವ ಗಂಟು, ಸುಡಲು ಹಗಲೂ ರಾತ್ರಿ ಸುಮಾರು 100 ಮೆಗಾವಾಟ್ ಕಾವು ಬೇಕು. ಗಿರಾಕಿ ದೊಡ್ಡವನೇ. ಆದರೆ ಬೇಡಿಕೆ ಯಾವ ಬಿಸಿಯದು? ಸುಣ್ಣದ ಕಲ್ಲು ಒಡೆಯುವುದು 900 ಡಿಗ್ರಿಯ ಹತ್ತಿರ, ಕ್ಲಿಂಕರ್ ಗಂಟುಗಟ್ಟುವುದು 1,450ರಲ್ಲಿ. ನಮ್ಮ 500 ಡಿಗ್ರಿ ಆ ಗೂಡಿನ ಬಾಗಿಲನ್ನೂ ತಟ್ಟುವುದಿಲ್ಲ. ಇನ್ನೂ ಒಂದು ಸಂಗತಿಯಿದೆ: ಗೂಡಿನಿಂದ ಹೊರಬೀಳುವ ಹೊಗೆಯೇ 300-350 ಡಿಗ್ರಿ ಇರುತ್ತದೆ. ನೀರಿನಿಂದ ತಂಪಾಗುವ ಸಮ್ಮಿಲನ ಯಂತ್ರ ಹೆಮ್ಮೆಯಿಂದ ಮಾರಲು ತರುವ ಕಾವು ಸಿಮೆಂಟ್ ಕಾರ್ಖಾನೆ ಚಿಮಣಿಗೆ ಕಳಿಸುವ ಕಾವಿಗೆ ಸಮ. ಜೊತೆಗೆ, ಸಿಮೆಂಟ್ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಇಂಧನದ್ದಲ್ಲ, ಕಲ್ಲಿನೊಳಗಿಂದಲೇ ಬರುವಂಥದ್ದು. ಒಲೆ ಬದಲಿಸಿದರೆ ಅದು ನಿಲ್ಲುವುದಿಲ್ಲ. ಸಮ್ಮಿಲನದಿಂದ ಸಿಮೆಂಟ್ ಎಂದು ಯಾರಾದರೂ ಹೇಳಿದರೆ ಈ ಎರಡು ಲೆಕ್ಕ ಕೇಳಿ.

ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅಲ್ಲಿನ ದಾಲ್ ಮಿಲ್ಲುಗಳಿಗೆ ಕಾಳು ಒಣಗಿಸಲು ಬೇಕಾದದ್ದು ಹದ ಬಿಸಿಯ ಗಾಳಿ. ಹೀಟ್ ಪಂಪು, ಬಿಸಿಲು ಎರಡೂ ಅದಕ್ಕೆ ಧಾರಾಳ. ಇನ್ನು ನಾರಾಯಣಖೇಡ ಇವತ್ತಿಗೂ ಹೆಚ್ಚಾಗಿ ಹೊಲದ ಊರು, ಕಾವಿನ ದೊಡ್ಡ ಗಿರಾಕಿಯಲ್ಲ.

ಸಕ್ಕರೆ ಕಾರ್ಖಾನೆಯ ಕತೆ ಬೇರೆ. ಜಹೀರಾಬಾದ್ ಬಳಿ ಕೊತ್ತೂರಿನಲ್ಲಿ ಹಿಂದೆ ನಿಜಾಮ್ ಶುಗರ್ಸ್‌ನ ಘಟಕವಿತ್ತು, ಆಚೆ ಬೀದರ್ ಜಿಲ್ಲೆಯಲ್ಲಿ ಹಳ್ಳಿಖೇಡ, ಇಮಾಮಪುರದ ಸಹಕಾರಿ ಕಾರ್ಖಾನೆಗಳು. ರಸ ಕುದಿಸಲು ಅಲ್ಲಿ ಬೇಕಾದ ಹಬೆ 130 ಡಿಗ್ರಿ ಆಸುಪಾಸಿನದು, ಬಿಸಿಯ ಮಟ್ಟಿಗೆ ಸಮ್ಮಿಲನದ ಕಾವು ಸಲೀಸಾಗಿ ಒದಗುತ್ತದೆ. ಆದರೆ ಕಬ್ಬು ತನ್ನ ಒಲೆಯ ಸೌದೆಯನ್ನು ತಾನೇ ಹೊತ್ತು ತರುವ ಬೆಳೆ. ಸಿಪ್ಪೆ ಸುಟ್ಟೇ ಕಾರ್ಖಾನೆ ನಡೆಯುತ್ತದೆ, ಮೇಲೆ ಕರೆಂಟನ್ನೂ ಮಾರುತ್ತದೆ. ಹೊರಗಿನ ಕಾವು ಬೇಕಾಗುವುದು ಸುಗ್ಗಿ ಮುಗಿದ ಮೇಲೆ. ಸಿಪ್ಪೆ ತೀರಿದ ಬಳಿಕವೂ ಓಡುವ ಎಥನಾಲ್ ಘಟಕಗಳಿಗೆ, ಕಾಗದದ ಗಿರಣಿಗಳಿಗೆ, ಸಂಗಾರೆಡ್ಡಿ ಕಡೆಯ ಔಷಧ ಕಾರ್ಖಾನೆಗಳಿಗೆ 160-180 ಡಿಗ್ರಿಯ ಹಬೆ ವರ್ಷವಿಡೀ ಬೇಕು. ಅಂಥ ಹಲವು ಕಾರ್ಖಾನೆಗಳು ಒಂದೇ ಬೇಲಿಯೊಳಗೆ ಇರುವಲ್ಲಿ ಒಂದು ದೊಡ್ಡ ಹಬೆಮನೆಗೆ ಅರ್ಥ ಬರುತ್ತದೆ. ನನ್ನ ಅಂದಾಜಿನಲ್ಲಿ ಸಮ್ಮಿಲನದ ಮೊದಲ ಗಿರಾಕಿ ಇಂಥ ಬೇಲಿಯೇ.

ಈಗ ಕಾಕಾ ಹೇಳಿದ ಮಾತಿಗೆ ಬರುತ್ತೇನೆ. ಒಂದೇ ನಮೂನಿ ಬೇಕು. 2025ರ ಫೆಬ್ರುವರಿಯಲ್ಲಿ ಫ್ರಾನ್ಸಿನ ವೆಸ್ಟ್ ಯಂತ್ರ ಪ್ಲಾಸ್ಮಾವನ್ನು 1,337 ಸೆಕೆಂಡು, ಅಂದರೆ 22 ನಿಮಿಷ ಹಿಡಿದಿಟ್ಟು ದಾಖಲೆ ಮಾಡಿತು. ಅದರಲ್ಲಿ ಸಮ್ಮಿಲನದ ಶಕ್ತಿ ತೆಗೆದಿರಲಿಲ್ಲ, ಹಿಡಿಯುವ ಕಲೆಯ ಪರೀಕ್ಷೆ ಅದು. ಕೈಗಾದ ಒಂದನೇ ರಿಯಾಕ್ಟರ್ 2018ರ ಡಿಸೆಂಬರ್ 31ಕ್ಕೆ ನಿಲ್ಲುವ ಮುನ್ನ ಎಡೆಬಿಡದೆ 962 ದಿನ ನಡೆದಿತ್ತು. 22 ನಿಮಿಷಕ್ಕೂ 962 ದಿನಕ್ಕೂ ನಡುವಿನ ದೂರವೇ ಸಮ್ಮಿಲನ ಇನ್ನು ನಡೆಯಬೇಕಾದ ದೂರ. ಕಾವಿಗೆ ಇಲ್ಲೊಂದು ಅನುಕೂಲವಿದೆ. ಕರೆಂಟನ್ನು ಕೂಡಿಡುವುದು ದುಬಾರಿ, ಕಾವನ್ನು ಕೂಡಿಡುವುದು ಅಷ್ಟಲ್ಲ. ಸೌರಸ್ಥಾವರಗಳಲ್ಲಿ ಈಗಾಗಲೇ ಬಳಸುವ ಕರಗಿದ ಉಪ್ಪಿನ ತೊಟ್ಟಿಗಳು 290ರಿಂದ 565 ಡಿಗ್ರಿಯವರೆಗಿನ ಕಾವನ್ನು ತಾಸುಗಟ್ಟಲೆ ಹಿಡಿದಿಡುತ್ತವೆ. ಯಂತ್ರ ಬಿಟ್ಟು ಬಿಟ್ಟು ಉರಿದರೂ ತೊಟ್ಟಿಯಿಂದ ಹೊರಡುವ ಹಬೆ ಒಂದೇ ಸಮ ಇರಬಲ್ಲದು. ತೊಟ್ಟಿ ಬರಿದಾಗುವ ದಿನಕ್ಕೆಂದು ಹಳೆಯ ಬಾಯ್ಲರ್ ಪಕ್ಕದಲ್ಲಿ ಇರಲೇಬೇಕು.

ಪ್ರಯೋಗದ ಯಂತ್ರ ಕಾರ್ಖಾನೆಗೆ ಹಬೆ ಮಾರಿದ್ದು ಹಿಂದೆಯೂ ಉಂಟು. ನಾರ್ವೆಯ ಹಾಲ್ಡನ್‌ನಲ್ಲಿ ಬಂಡೆ ಕೊರೆದು ಒಳಗೆ ಕಟ್ಟಿದ ಸಂಶೋಧನಾ ರಿಯಾಕ್ಟರ್ 1959ರಲ್ಲಿ ಶುರುವಾಯಿತು. ಸಾಮರ್ಥ್ಯ 25 ಮೆಗಾವಾಟ್ ಕಾವು, ಕೆಲಸ ಇಂಧನದ ಪರೀಕ್ಷೆ. ಪಕ್ಕದ ಕಾಗದದ ಗಿರಣಿಗೆ ಅದರ ಹಬೆ ಹೋಗುತ್ತಿತ್ತು. 2018ರಲ್ಲಿ ಅದನ್ನು ಮುಚ್ಚಿದರು. ಸ್ವೀಡನ್ನಿನ ಆಗೆಸ್ಟಾ ರಿಯಾಕ್ಟರ್ 1964ರಿಂದ 1974ರವರೆಗೆ ಸ್ಟಾಕ್‌ಹೋಮಿನ ಫಾರ್ಸ್ಟಾ ಬಡಾವಣೆಯ ಮನೆಗಳನ್ನು ಬೆಚ್ಚಗಿಟ್ಟಿತು. ನಮ್ಮಲ್ಲಿ ರಾಜಸ್ಥಾನದ ಕೋಟಾ ಭಾರಜಲ ಕಾರ್ಖಾನೆ ಪಕ್ಕದ ಪರಮಾಣು ಸ್ಥಾವರದ ಹಬೆಯನ್ನು ನೆಚ್ಚಿ ಕಟ್ಟಿದ್ದು, ಕಲ್ಪಾಕ್ಕಂನಲ್ಲಿ ಸ್ಥಾವರದ ಹಬೆಯಿಂದ ದಿನಕ್ಕೆ 45 ಲಕ್ಷ ಲೀಟರ್ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಕಟ್ಟಿದರು. ಹಾಲ್ಡನ್‌ನವರು ಪ್ರಯೋಗ ಮಾಡುತ್ತಲೇ ಹಬೆ ಮಾರಿದರು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಹೊರಗೆ ಒಬ್ಬ ಗಿರಾಕಿ ಕಾಯುತ್ತಿದ್ದಾನೆ ಎಂದರೆ ಯಂತ್ರ ನಡೆಸುವವರ ಶಿಸ್ತೇ ಬೇರೆ.

ಇನ್ನೊಂದು ತೊಡಕನ್ನು ಮುಚ್ಚಿಡಬಾರದು. ಟ್ರಿಷಿಯಂ ಹೈಡ್ರೋಜನ್ನಿನ ಜಾತಿಯದು, ಆದರೆ ವಿಕಿರಣ ಸೂಸುವಂಥದು. ಬಿಸಿಯಾದ ಲೋಹದ ಗೋಡೆಯೊಳಗಿಂದ ಅದು ನಿಧಾನವಾಗಿ ಜಿನುಗುತ್ತದೆ. ಬಿರುಕು ಬೇಕಾಗಿಲ್ಲ, ಗಟ್ಟಿ ಉಕ್ಕಿನ ಮೂಲಕವೇ ದಾಟುತ್ತದೆ. ಬಿಸಿ ಹೆಚ್ಚಿದಷ್ಟೂ ಜಿನುಗು ಹೆಚ್ಚು. ನೀರಿಗೆ ಸೇರಿದರೆ ನೀರೇ ಆಗಿಬಿಡುತ್ತದೆ, ಟ್ರಿಷಿಯಂನ ಅರ್ಧಾಯುಷ್ಯ 12.3 ವರ್ಷ. ಟರ್ಬೈನಿಗೆ ಹೋಗುವ ಹಬೆ ಮುಚ್ಚಿದ ಕೊಳವೆಯೊಳಗೇ ಸುತ್ತುತ್ತದೆ. ಔಷಧದ, ಎಥನಾಲಿನ, ಬೆಲ್ಲದ ಹತ್ತಿರ ಸುಳಿಯುವ ಹಬೆಯ ವಿಷಯ ಹಾಗಲ್ಲ. ಯಂತ್ರಕ್ಕೂ ಕಾರ್ಖಾನೆಗೂ ನಡುವೆ ಇನ್ನೊಂದು ಪ್ರತ್ಯೇಕ ಸುತ್ತು ಬೇಕು, ಒತ್ತಡ ಶುದ್ಧವಾದ ಕಡೆಗೇ ಹೆಚ್ಚಿರಬೇಕು; ತೂತು ಬಿದ್ದರೆ ಒಳ್ಳೆಯ ನೀರು ಒಳಕ್ಕೆ ಹೋಗಬೇಕೇ ಹೊರತು ಒಳಗಿನದು ಹೊರಗೆ ಬರಬಾರದು. ಒಂದೊಂದು ಸುತ್ತು ಸೇರಿಸಿದಾಗಲೂ ಕೆಲವು ಡಿಗ್ರಿ ಬಿಸಿ ಕೈಬಿಡುತ್ತದೆ. ಬಿಡಲಿ. ಈ ಖರ್ಚನ್ನು ಉಳಿಸಲು ಹೊರಟ ಯಾವ ನಕ್ಷೆಗೂ ನಾನು ಒಪ್ಪಿಗೆ ಕೊಡಲಾರೆ.

ಕರೆಂಟು ಕೈಗಾದಿಂದ ಬೀದರಿಗೆ ತಂತಿಯ ಮೇಲೆ ಬರುತ್ತದೆ. ಹಬೆ ಬರುವುದಿಲ್ಲ, ಕೆಲವು ಕಿಲೋಮೀಟರ್ ಹೋಗುವಷ್ಟರಲ್ಲಿ ನೀರಾಗುತ್ತದೆ. ಆದ್ದರಿಂದ ಕಾವು ಮಾರುವ ಯಂತ್ರ ಕಾರ್ಖಾನೆಯ ಪಕ್ಕಕ್ಕೇ, ಊರಿನ ಪಕ್ಕಕ್ಕೇ ಬರಬೇಕು. ಜಹೀರಾಬಾದ್ ಬಳಿಯ ಝರಾಸಂಗಂ, ನ್ಯಾಲ್ಕಲ್ ಮಂಡಲಗಳಲ್ಲಿ 12,635 ಎಕರೆಯ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯವನ್ನು ಗುರುತಿಸಿದ್ದಾರೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ 12 ಕೈಗಾರಿಕಾ ನಗರಗಳಲ್ಲಿ ಜಹೀರಾಬಾದ್ ಒಂದು. ನಾನು ಮೇಲೆ ಹೇಳಿದ ಬೇಲಿ ಅಂಥದೇ. ಅಲ್ಲಿನ ಜನರ ಭಾಷೆಯನ್ನೂ ನೆನಪಿಡಬೇಕು: 1956ರವರೆಗೆ ಜಹೀರಾಬಾದ್, ನ್ಯಾಲ್ಕಲ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾದಲ್ಲಿತ್ತು. ರಾಜ್ಯಗಳು ಹಂಚಿಕೆಯಾದಾಗ ಇವು ಗೆರೆಯ ಆಚೆ ಬಿದ್ದವು, ಮನೆಯೊಳಗಿನ ಕನ್ನಡ ಅಲ್ಲೇ ಉಳಿಯಿತು.

ಇಟರ್‌ನಲ್ಲಿ ನಿಜವಾದ ಡ್ಯೂಟೀರಿಯಂ-ಟ್ರಿಷಿಯಂ ಉರಿ ಹೊತ್ತುವುದು 2039ಕ್ಕೆ ಎಂದು ಈಗಿನ ವೇಳಾಪಟ್ಟಿ. ನಮ್ಮ ಹೊಲಗಳ ಹತ್ತಿರ ಯಾವ ಯಂತ್ರವೂ ನಾಳೆಯೇ ಬರುವುದಿಲ್ಲ. ಕೇಳಬೇಕಾದ್ದನ್ನು ಕಲಿಯಲು ಕಾಲವಿದೆ. ಎಂದಾದರೂ ಒಂದು ದಿನ ನ್ಯಾಲ್ಕಲ್‌ನಲ್ಲೋ ತಾಂಡೂರಿನಲ್ಲೋ ಶಾಮಿಯಾನ ಹಾಕಿ ಅಹವಾಲು ಸಭೆ ಕರೆದರೆ, ಎಷ್ಟು ಮೆಗಾವಾಟ್ ಎಂದು ಕೇಳುವ ಮೊದಲು ಕೇಳಬೇಕಾದವು ಇವು: ಯಂತ್ರ ಒಂದೇ ಸಮ ಎಷ್ಟು ತಾಸು ಉರಿಯುತ್ತದೆ, ನಿಂತ ಹೊತ್ತಿನಲ್ಲಿ ಯಾವ ಬಾಯ್ಲರು ಉರಿಯುತ್ತದೆ, ಅದರ ಒಲೆಗೆ ಏನು ಹಾಕುತ್ತಾರೆ, ಅದು ಎಳೆಯುವ ಕರೆಂಟು ಯಾವ ಸ್ಥಾವರದ್ದು, ನಡುವಿನ ಸುತ್ತುಗಳು ಎಷ್ಟು, ಊರ ಬಾವಿಯ ನೀರಿನಲ್ಲಿ ಟ್ರಿಷಿಯಂ ಅಳೆಯುವವರು ಯಾರು, ತಿಂಗಳಿಗೆ ಎಷ್ಟು ಸಲ, ಮತ್ತು ಆ ಲೆಕ್ಕವನ್ನು ಪಂಚಾಯಿತಿಯ ಗೋಡೆಗೆ ಯಾವ ಯಾವ ಭಾಷೆಯಲ್ಲಿ ಅಂಟಿಸುತ್ತಾರೆ.